ಟ್ಯೂಬಿನ ಜೆಲ್ ಹಚ್ಚಿದರೆ ಮಾಂಸ ಬೆಳೆಯುತ್ತಾ?

ಪ್ರಶ್ನೆ (ಸಕಲೇಶಪುರದಿಂದ): ನಮಸ್ಕಾರ ಮೇಡಂ. ಅಪ್ಪನಿಗೆ 64, ಶುಗರ್ ಬಂದು 15 ವರ್ಷ ಆಯ್ತು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ ಗಾಯ ಆಗಿದೆ. ರೂಪಾಯಿ ನಾಣ್ಯದಷ್ಟು ಅಗಲ. ಎರಡು ತಿಂಗಳಾದರೂ ಮಾಗಿಲ್ಲ. ಮೆಡಿಕಲ್ ಶಾಪಿನಲ್ಲಿ ಹೈಡ್ರೋಜೆಲ್ ಅಂತ ಟ್ಯೂಬ್ ಕೊಟ್ಟು "ಇದು ಹೊಸ ಮಾಂಸ ಬೆಳೆಸುತ್ತೆ" ಅಂದರು. ಒಂದು ವಾರ ದಪ್ಪಗೆ ಮೆತ್ತಿದೆವು. ಈಗ ಸುತ್ತಲಿನ ಚರ್ಮ ಬೆಳ್ಳಗೆ ನೆನೆದ ಹಾಗಾಗಿದೆ. ಅಮ್ಮ "ಬಿಚ್ಚಿಡಿ, ಗಾಳಿಗೆ ಒಣಗಲಿ" ಅಂತಿದ್ದಾರೆ. ಯಾರ ಮಾತು ಕೇಳೋದು?

ಉತ್ತರ (ಹಾಸನದ ಸರ್ಜನ್): ಇಬ್ಬರದ್ದೂ ಬೇಡ. ಕಾಮಕಸ್ತೂರಿ ಬೀಜವನ್ನು ಹತ್ತು ನಿಮಿಷ ನೀರಿಗೆ ಹಾಕಿ ನೋಡಿ. ಕಪ್ಪು ಕಾಳಿನ ಸುತ್ತ ಲೋಳೆ ಕಟ್ಟುತ್ತದೆ, ಬಟ್ಟಲು ಬಗ್ಗಿಸಿದರೂ ಆ ನೀರು ಇಳಿಯುವುದಿಲ್ಲ. ಹೈಡ್ರೋಜೆಲ್ ಅಂದರೆ ಅಷ್ಟೇ, ನೀರು ಹಿಡಿದಿಟ್ಟ ಸಣ್ಣ ಎಳೆಗಳ ಬಲೆ. ಟ್ಯೂಬಿನಲ್ಲಿರುವುದು ಬಹುಪಾಲು ನೀರೇ. ಅದು ಮಾಂಸ ಬೆಳೆಸುವುದಿಲ್ಲ. ಒಣಗಿದ ಗಾಯವನ್ನು ಹಸಿಯಾಗಿಡುತ್ತದೆ, ಸತ್ತ ಪದರ ಮೆತ್ತಗಾಗಿ ಬಿಡಲು ನೆರವಾಗುತ್ತದೆ. ಬೆಳೆಸುವ ಕೆಲಸ ಅಪ್ಪನ ಮೈಯದ್ದೇ.

ಅಮ್ಮನ ಮಾತು ನಮ್ಮೂರಲ್ಲಿ ಎಲ್ಲರೂ ಹೇಳುವುದೇ. ಆದರೆ 1962ರಲ್ಲಿ ಜಾರ್ಜ್ ವಿಂಟರ್ ಎಂಬ ಸಂಶೋಧಕ ಹಂದಿಗಳ ಮೇಲಿನ ಸಣ್ಣ ಗಾಯಗಳಲ್ಲಿ ಕೆಲವನ್ನು ಗಾಳಿಗೆ ಬಿಟ್ಟರು, ಕೆಲವಕ್ಕೆ ಪಾಲಿಥೀನ್ ಹಾಳೆ ಮುಚ್ಚಿದರು. ಮುಚ್ಚಿದ ಗಾಯಕ್ಕೆ ಸುಮಾರು ಎರಡು ಪಟ್ಟು ಬೇಗ ಚರ್ಮ ಬಂತು. ಹಕ್ಕಳೆ ಕಟ್ಟಿದರೆ ಹೊಸ ಚರ್ಮ ಅದರ ಅಡಿಯಲ್ಲಿ ದಾರಿ ಕೊರೆದುಕೊಂಡು ಬರಬೇಕು, ಅದಕ್ಕೇ ತಡ.

ಹಾಗಂತ ಹಸಿ ಜಾಸ್ತಿಯಾದರೂ ಕಷ್ಟ. ಬಟ್ಟೆ ಒಗೆದ ಮೇಲೆ ಬೆರಳ ತುದಿ ಬೆಳ್ಳಗೆ ಸುಕ್ಕಾಗುತ್ತದಲ್ವಾ, ನಿಮ್ಮ ಅಪ್ಪನ ಗಾಯದ ಅಂಚಿಗೆ ಆಗಿರುವುದು ಅದೇ. ಆ ಚರ್ಮ ಸುಲಭವಾಗಿ ಕಿತ್ತು ಗಾಯ ದೊಡ್ಡದಾಗುತ್ತದೆ. ಜೆಲ್ ನಿಲ್ಲಿಸಿ. ತುಂಬ ಸೋರುವ ಗಾಯಕ್ಕೆ ನಾವು ಆಲ್ಜಿನೇಟ್ ಇಡುತ್ತೇವೆ. ಕಡಲ ಪಾಚಿಯಿಂದ ಮಾಡಿದ್ದು, ಅರಳೆಯ ಹಾಗೆ ಒಣಗಿರುತ್ತದೆ, ಕೀವುನೀರು ಹೀರಿಕೊಂಡು ತಾನೇ ಜೆಲ್ ಆಗುತ್ತದೆ. ಆದರೆ ಯಾವುದು ಬೇಕು ಅಂತ ಗಾಯ ನೋಡಿಯೇ ಹೇಳಬೇಕು.

ಒಂದು ಪರೀಕ್ಷೆ ಮಾಡಿ. ಅಪ್ಪ ಕಣ್ಣು ಮುಚ್ಚಲಿ, ಮುಟ್ಟಿದ್ದು ಗೊತ್ತಾದಾಗ ಹೇಳಲಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಹಗುರಾಗಿ ಮುಟ್ಟಿ, ಒಂದೆರಡು ಸೆಕೆಂಡ್ ಸಾಕು. ಒತ್ತಬೇಡಿ, ಸವರಬೇಡಿ. ಆರರಲ್ಲಿ ಎರಡು ತಪ್ಪಿದರೂ ನನಗೆ ತಿಳಿಸಿ.

ಇನ್ನೊಬ್ಬರು (ಚಿಕ್ಕಮಗಳೂರು): ಲ್ಯಾಬಿನಲ್ಲಿ ಜೆಲ್ ಒಳಗೆ ಜೀವಕೋಶ ಇಟ್ಟು ಮಾಂಸಖಂಡ ಬೆಳೆಸುತ್ತಾರೆ ಅಂತ ಓದಿದ್ದೆ ಡಾಕ್ಟ್ರೇ. ಅದು ಸುಳ್ಳಾ?

ಉತ್ತರ: ಸುಳ್ಳಲ್ಲ, ಆದರೆ ಟ್ಯೂಬಿಗೂ ಅದಕ್ಕೂ ಸಂಬಂಧವಿಲ್ಲ. ನನಗೆ ಬಹಳ ಇಷ್ಟವಾದ ಪ್ರಯೋಗ 2006ರದ್ದು. ಮೂಳೆ ಮಜ್ಜೆಯ ಒಂದೇ ಬಗೆಯ ಕಾಂಡಕೋಶಗಳನ್ನು (ಮುಂದೆ ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಎಳೆಯ ಕೋಶಗಳು) ಬೇರೆ ಬೇರೆ ಗಡಸಿನ ಜೆಲ್ ಮೇಲೆ ಇಟ್ಟರು. ಮಿದುಳಿನಷ್ಟು ಮೆತ್ತಗಿದ್ದ ಜೆಲ್ ಮೇಲೆ ನರಕೋಶದ ಕಡೆ ವಾಲಿದವು, ಸ್ನಾಯುವಿನಷ್ಟು ಬಿಗಿಯಾಗಿದ್ದರೆ ಸ್ನಾಯುವಿನ ಕಡೆ, ಇನ್ನೂ ಗಟ್ಟಿಯಾದರೆ ಮೂಳೆಯ ಕಡೆ. ಹಾಸಿಗೆಯ ಮೆತ್ತೆ ನೋಡಿ ಗುಣ ಬದಲಿಸಿದ ಹಾಗೆ! ತೊಡಕು ರಕ್ತದ್ದು. ಕೂದಲೆಳೆಯ ಒಂದೆರಡು ದಪ್ಪದಷ್ಟು ದೂರದೊಳಗೆ ರಕ್ತನಾಳ ಇಲ್ಲದಿದ್ದರೆ ಜೀವಕೋಶ ಉಸಿರುಗಟ್ಟಿ ಸಾಯುತ್ತದೆ. ತೆಳು ಚರ್ಮ ಆಗುತ್ತದೆ, ದಪ್ಪ ಮಾಂಸ ಕಷ್ಟ. ನಮ್ಮ ದೇಶದಲ್ಲೇ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ಹಂದಿಯ ಪಿತ್ತಕೋಶದಿಂದ ಜೀವಕೋಶ ತೆಗೆದು, ಉಳಿದ ಜಾಲರಿಯಿಂದ ಗಾಯದ ಹಾಳೆ ಮಾಡಿದ್ದಾರೆ. 2023ರಲ್ಲಿ ಅನುಮತಿಯೂ ಸಿಕ್ಕಿತು.

ಸಕಲೇಶಪುರದಿಂದ: ಮೇಡಂ, ಮುಟ್ಟಿ ನೋಡಿದೆ. ಆರರಲ್ಲಿ ನಾಲ್ಕು ಗೊತ್ತೇ ಆಗಲಿಲ್ಲ. ಅಪ್ಪ "ಶುರು ಮಾಡು ಮತ್ತೆ" ಅಂದರು. ಆಗಲೇ ಮುಗಿದಿತ್ತು.

ಉತ್ತರ: ಹಾಗಾದರೆ ಸ್ಪರ್ಶ ಹೋಗಿದೆ. ನೋವಿಲ್ಲ ಅಂತ ಅದೇ ಗಾಯದ ಮೇಲೆ ಎರಡು ತಿಂಗಳಿಂದ ನಡೆಯುತ್ತಿದ್ದಾರೆ. ಎಷ್ಟು ದುಬಾರಿ ಜೆಲ್ ಇಟ್ಟರೂ ಪ್ರತಿ ಹೆಜ್ಜೆಗೆ ಅರೆದು ಹೋಗುತ್ತದೆ. ಆ ಜಾಗದ ಮೇಲೆ ಭಾರ ಬೀಳದ ಹಾಗೆ ಕಾಲಿಗೆ ಪ್ಲಾಸ್ಟರ್ ಕಟ್ಟಬೇಕು, ರಕ್ತ ಓಡಾಟ ನೋಡಬೇಕು, ಮೂಳೆಗೆ ಸೋಂಕು ಇಳಿದಿದೆಯಾ ಅಂತ ಎಕ್ಸ್‌ರೇ ತೆಗೆಸಬೇಕು. ಎರಡು ದಿನದೊಳಗೆ ಹಾಸನಕ್ಕೆ ಕರೆದುಕೊಂಡು ಬನ್ನಿ. ವಾಸನೆ, ಜ್ವರ, ಕಪ್ಪು ಬಣ್ಣ, ಕೆಂಪು ಮೇಲೇರುವುದು ಯಾವುದು ಕಂಡರೂ ಇವತ್ತೇ ಹೊರಡಿ. ಅಲ್ಲಿವರೆಗೆ ತೋಟ ಬೇಡ. ಅವರು ಹಾಕುವ ಬೂಟನ್ನೂ ತನ್ನಿ.

ಸಕಲೇಶಪುರದಿಂದ: ನಾಳೆ ಬೆಳಗ್ಗೆಯೇ ಬರುತ್ತೇವೆ. ಗಂಬೂಟಿನೊಳಗೆ ಈಗ ಕೈ ಹಾಕಿ ನೋಡಿದೆ. ಹೆಬ್ಬೆರಳ ಜಾಗದಲ್ಲಿ ಅಟ್ಟೆ ಸೀಳಿ ಮೊಳೆಯ ತುದಿ ಮೇಲೆ ಬಂದಿದೆ.