ಸಹಾಯ ಬೇಕು: ಐರ್ಲೆಂಡ್–ಜರ್ಮನಿ ಹೋಲಿಕೆಗೆ ಯಾವ ಲೆಕ್ಕ ಹಿಡಿಯಲಿ?

ಎಲ್ಲರಿಗೂ ನಮಸ್ಕಾರ. ಎಂ.ಎ. ಅರ್ಥಶಾಸ್ತ್ರದ ಪ್ರಾಜೆಕ್ಟ್‌ಗೆ ಐರ್ಲೆಂಡ್ ಮತ್ತು ಜರ್ಮನಿಯ ಜೀವನಮಟ್ಟ ಹೋಲಿಸುತ್ತಿದ್ದೇನೆ. ತಲಾ ಜಿಡಿಪಿ ನೋಡಿದರೆ ಐರ್ಲೆಂಡ್ ಎಲ್ಲೋ ಮೇಲಿದೆ. ಆದರೆ ಅದರಲ್ಲಿ ದೊಡ್ಡ ಪಾಲು, ತೆರಿಗೆ ಕಡಿಮೆ ಅಂತ ಅಮೆರಿಕದ ಐಟಿ, ಔಷಧ ಕಂಪನಿಗಳು ಅಲ್ಲಿ ತೋರಿಸುವ ಲಾಭ. 2015ರಲ್ಲಿ ಅಲ್ಲಿನ ಜಿಡಿಪಿ ಒಂದೇ ವರ್ಷದಲ್ಲಿ ಸುಮಾರು 25% ಏರಿತ್ತು! ಜನರ ಜೇಬಿಗೆ ಅಷ್ಟೂ ಬಂದಿರುತ್ತಾ?

ಅದಕ್ಕೇ ಐರ್ಲೆಂಡ್‌ನವರು 2017ರಿಂದ ‘ಜಿಎನ್‌ಐ ಸ್ಟಾರ್’ ಅಂತ ಬೇರೆ ಲೆಕ್ಕ ಕೊಡುತ್ತಾರೆ (ಜಿಎನ್‌ಐ ಅಂದರೆ ದೇಶದ ಒಟ್ಟು ರಾಷ್ಟ್ರೀಯ ಆದಾಯ; ಸ್ಟಾರ್‌ನಲ್ಲಿ ಇಂಥ ವಿದೇಶಿ ಕಂಪನಿಗಳಿಂದ ಆಗುವ ಉಬ್ಬರ ಕಳೆದಿರುತ್ತಾರೆ). ಅದು ಜಿಡಿಪಿಗಿಂತ ತುಂಬಾ ಕಡಿಮೆ. ಅದನ್ನೇ ಹಾಕೋಣ ಅಂದರೆ ಜರ್ಮನಿಗೆ ಆ ಲೆಕ್ಕವೇ ಇಲ್ಲ. ಐರೋಪ್ಯ ಒಕ್ಕೂಟದ (ಇಯು) ಅಂಕಿಅಂಶ ಕಚೇರಿ ಯೂರೋಸ್ಟಾಟ್‌ನ ಎಐಸಿ, ಅಂದರೆ ಜನ ನಿಜವಾಗಿ ಬಳಸುವ ಸರಕು–ಸೇವೆಗಳ ತಲಾ ಲೆಕ್ಕ, ತೆಗೆದುಕೊಂಡೆ. ಪೂರ್ತಿ ಉಲ್ಟಾ. ಜರ್ಮನಿ ಇಯು ಸರಾಸರಿಗಿಂತ ಸಾಕಷ್ಟು ಮೇಲೆ, ಐರ್ಲೆಂಡ್ ಸರಾಸರಿಯ ಆಸುಪಾಸು. ಡಬ್ಲಿನ್‌ನ ಮನೆ ಬಾಡಿಗೆ ನೋಡಿದರೆ ಇದೇ ನಂಬುವಂತಿದೆ. ಆದರೆ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ಎರಡೂ ಹತ್ತಿರ ಹತ್ತಿರ. ಇಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಗೊತ್ತಿದ್ದವರು ಹೇಳಿ: ಐರ್ಲೆಂಡ್‌ಗೆ ಜಿಎನ್‌ಐ ಸ್ಟಾರ್, ಜರ್ಮನಿಗೆ ಮಾಮೂಲಿ ಜಿಎನ್‌ಐ ಇಟ್ಟು ಹೋಲಿಸಿದರೆ ನಡೆಯುತ್ತಾ? ಇಲ್ಲ, ಎರಡಕ್ಕೂ ಎಐಸಿಯನ್ನೇ ಹಿಡಿಯಬೇಕಾ?