ಇಸ್ರೇಲ್–ಪ್ಯಾಲೆಸ್ಟೀನ್ ಮಾತುಕತೆ: ಹೇಳಿಕೆಗಳನ್ನು ಕನ್ನಡದಲ್ಲಿ ಓದುವಾಗ ಎಲ್ಲಿ ಎಡವುತ್ತೇವೆ?

ಪ್ರಶ್ನೆ (ವಿಜಯಪುರ)

ಇಲ್ಲಿನ ಪದವಿ ವಿದ್ಯಾರ್ಥಿಗಳ ಚರ್ಚಾಕೂಟಕ್ಕೆ ಟಿಪ್ಪಣಿ ತಯಾರಾಗುತ್ತಿದೆ. ವಿಷಯ: ಶಾಂತಿ ಮಾತುಕತೆಯಲ್ಲಿ ಇಸ್ರೇಲಿ, ಪ್ಯಾಲೆಸ್ಟೀನಿ ಮತ್ತು ಅಮೆರಿಕದ ನಾಯಕರು ಬಳಸಿದ ಭಾಷೆ. ಯಾರದು ಸರಿ ಎಂಬ ವಾದಕ್ಕೆ ಬಣಗಳು ಆಗಲೇ ಸಿದ್ಧವಾಗಿವೆ, ಅದು ಇಲ್ಲಿ ಬೇಡ. ತೊಡಕಿರುವುದು ಪಠ್ಯದಲ್ಲಿ. ವಿಶ್ವಸಂಸ್ಥೆ ಭದ್ರತಾ ಮಂಡಳಿಯ 242ನೇ ನಿರ್ಣಯವನ್ನು ಎರಡೂ ಕಡೆಯವರು ತಮ್ಮ ಪರ ಎನ್ನುತ್ತಾರೆ. 2000ದ ಕ್ಯಾಂಪ್ ಡೇವಿಡ್‌ನಲ್ಲಿ ಅಮೆರಿಕ ನಡೆಸಿದ ಮಾತುಕತೆಯಲ್ಲಿ ಇಸ್ರೇಲ್ ಪ್ಯಾಲೆಸ್ಟೀನಿಯರಿಗೆ ಕೊಡಲು ಬಂದ ವೆಸ್ಟ್ ಬ್ಯಾಂಕ್ (ಜೋರ್ಡಾನ್ ನದಿಯ ಪಶ್ಚಿಮ ದಂಡೆ) ಭೂಮಿ ಒಂದು ಲೆಕ್ಕದಲ್ಲಿ ಶೇ 91, ಇನ್ನೊಂದರಲ್ಲಿ ಶೇ 86. ಕನ್ನಡ ವರದಿಗಳನ್ನಷ್ಟೇ ಇಟ್ಟುಕೊಂಡರೆ ಜಗಳ ಯಾವ ಪದದ ಮೇಲೆ ನಡೆದಿದೆ ಎಂಬುದೇ ಕಾಣುವುದಿಲ್ಲ. ಹೇಳಿಕೆಯೊಂದು ಕೈಗೆ ಬಂದರೆ ಮೊದಲು ಏನು ನೋಡಬೇಕು? ಅನುವಾದದಲ್ಲಿ ಯಾವ ಪದಗಳು ಕೈಕೊಡುತ್ತವೆ?

ಉತ್ತರ 1 (ಬೆಳಗಾವಿ)

242ರಿಂದಲೇ ಶುರು ಮಾಡಿ, ಕನ್ನಡ ಹೆಚ್ಚು ಮೋಸಹೋಗುವುದು ಅಲ್ಲೇ. 22 ನವೆಂಬರ್ 1967ರ ಆ ನಿರ್ಣಯ, 'ಇತ್ತೀಚಿನ ಸಂಘರ್ಷ'ದಲ್ಲಿ (ಅಂದರೆ 1967ರ ಯುದ್ಧದಲ್ಲಿ) ಆಕ್ರಮಿಸಿದ ಪ್ರದೇಶಗಳಿಂದ ಇಸ್ರೇಲಿ ಪಡೆಗಳು ಹಿಂದೆ ಸರಿಯಬೇಕು ಎನ್ನುತ್ತದೆ. ಇಂಗ್ಲಿಷ್ ಪಠ್ಯದಲ್ಲಿ 'ಟೆರಿಟರೀಸ್' ಎಂಬ ಪದದ ಮುಂದೆ 'ದಿ' ಇಲ್ಲ. ಹಾಗಾಗಿ ಎಲ್ಲ ಪ್ರದೇಶಗಳಿಂದಲೂ ಸರಿಯಬೇಕೆಂದಿಲ್ಲ ಎಂಬುದು ಇಸ್ರೇಲ್ ವಾದ. ಫ್ರೆಂಚ್ ಪಠ್ಯದ 'ದೇ ತೆರಿತ್ವಾರ್' ಎಂಬುದನ್ನು 'ಆ ಪ್ರದೇಶಗಳಿಂದ' ಎಂದೇ ಓದಬಹುದು, ಅರಬ್ ದೇಶಗಳು ಅದನ್ನು ಹಿಡಿದುಕೊಂಡವು. ಕನ್ನಡದಲ್ಲಿ 'ದಿ'ಗೆ ಸಮನಾದ ಉಪಪದವೇ ಇಲ್ಲ. 'ಆಕ್ರಮಿತ ಪ್ರದೇಶಗಳಿಂದ' ಎಂದು ಬರೆದ ಕೂಡಲೇ ಇಡೀ ವಿವಾದ ವಾಕ್ಯದಿಂದ ಮಾಯವಾಗುತ್ತದೆ. 'ಎಲ್ಲ' ಸೇರಿಸಿದರೆ ಅನುವಾದಕ ಒಂದು ಪಕ್ಷದವನಾದ, 'ಕೆಲವು' ಸೇರಿಸಿದರೆ ಇನ್ನೊಂದು ಪಕ್ಷದವನು. ಏನನ್ನೂ ಸೇರಿಸದೆ, ಕೆಳಗೆ ಒಂದು ಸಾಲು ವಿವರಣೆ ಕೊಡಿ. ಅದರ ಜೊತೆಗೇ ಪೀಠಿಕೆಯ 'ಯುದ್ಧದಿಂದ ಭೂಮಿ ಪಡೆಯುವುದು ಒಪ್ಪತಕ್ಕದ್ದಲ್ಲ' ಎಂಬ ಮಾತನ್ನೂ, ಒಳಗಿನ 'ಸುರಕ್ಷಿತ ಮತ್ತು ಮಾನ್ಯ ಗಡಿಗಳು' ಎಂಬ ಮಾತನ್ನೂ ಒಟ್ಟಿಗೇ ಇಡಿ. ಭಾಷಣಕಾರರು ಒಂದನ್ನು ಎತ್ತಿಕೊಂಡು ಇನ್ನೊಂದನ್ನು ಬಿಡುತ್ತಾರೆ.

ಆ ನಿರ್ಣಯದಲ್ಲಿ 'ಪ್ಯಾಲೆಸ್ಟೀನಿಯರು' ಎಂಬ ಪದವೇ ಇಲ್ಲ, 'ನಿರಾಶ್ರಿತರ ಸಮಸ್ಯೆ' ಎಂದಷ್ಟೇ ಇದೆ. ಪಿಎಲ್‌ಒ (ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ) ಬಹುಕಾಲ ಅದನ್ನು ಒಪ್ಪದಿರಲು ಇದೂ ಒಂದು ಕಾರಣ. ವಿದ್ಯಾರ್ಥಿಗಳಿಗೆ ಇದನ್ನು ತಪ್ಪದೆ ಹೇಳಿ.

ಇನ್ನು ಶೇಕಡಾವಾರು. ಇಲ್ಲಿ ಛೇದ ಯಾವುದು ಎಂದು ಕೇಳಬೇಕು. ವೆಸ್ಟ್ ಬ್ಯಾಂಕ್, ಮೃತ ಸಮುದ್ರದ ಪಾಲಿನ ನೀರೂ ಸೇರಿ, ಸುಮಾರು 5,860 ಚದರ ಕಿ.ಮೀ. ಇಸ್ರೇಲಿ ಲೆಕ್ಕದಲ್ಲಿ ಪೂರ್ವ ಜೆರುಸಲೇಂ (71), ಲತ್ರೂನ್ ಬಳಿಯ ಯಾರಿಗೂ ಸೇರದ ಪಟ್ಟಿ (50), ಮೃತ ಸಮುದ್ರದ ನೀರು (195) ಬರುವುದಿಲ್ಲ. ಒಟ್ಟು 316 ಕಳೆದರೆ ಉಳಿಯುವುದು 5,544. ಅದರ ಶೇ 91 ಎಂದರೆ ಸುಮಾರು 5,045. ಅದೇ 5,045ನ್ನು 5,860ರಿಂದ ಭಾಗಿಸಿ: ಶೇ 86. ನೆಲ ಒಂದಿಂಚೂ ಬದಲಾಗಿಲ್ಲ. 'ಉದಾರ ಕೊಡುಗೆ' ಎಂದವರೂ 'ಚೂರುಪಾರು' ಎಂದವರೂ ಇದೇ ನೆಲದ ಬಗ್ಗೆ ಮಾತಾಡುತ್ತಿದ್ದರು. ಹಲಗೆಯ ಮೇಲೆ ಈ ಲೆಕ್ಕ ಮಾಡಿಸಿ, ಹತ್ತು ನಿಮಿಷ ಸಾಕು. 2000ದ ಡಿಸೆಂಬರ್ 23ರಂದು ಅಂದಿನ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಮುಂದಿಟ್ಟ ಸೂತ್ರದಲ್ಲಿ ಶೇ 94ರಿಂದ 96, ಮೇಲೆ ಶೇ 1ರಿಂದ 3ರಷ್ಟು ಭೂ ವಿನಿಮಯ. ಆಗಲೂ ಅದೇ ಪ್ರಶ್ನೆ ಕೇಳಿ: ಯಾವುದರ ಶೇಕಡಾ? ಬದಲಿಗೆ ಕೊಡುವ ನೆಲ ಎಲ್ಲಿಯದು?

ಹೆಸರುಗಳ ವಿಷಯಕ್ಕೆ ಒಂದು ಅಪ್ಪಟ ಉದಾಹರಣೆ ಇದೆ. ಈಜಿಪ್ಟ್–ಇಸ್ರೇಲ್ ನಡುವಿನ 1978ರ ಕ್ಯಾಂಪ್ ಡೇವಿಡ್ ಚೌಕಟ್ಟಿಗೆ ಸಹಿ ಬಿದ್ದ ಮೇಲೆ ಅಮೆರಿಕದ ಅಧ್ಯಕ್ಷ ಕಾರ್ಟರ್ ಇಸ್ರೇಲ್ ಪ್ರಧಾನಿ ಬೆಗಿನ್‌ಗೆ ಒಂದು ಪತ್ರ ಕೊಟ್ಟರು. ಪಠ್ಯದ 'ಪ್ಯಾಲೆಸ್ಟೀನಿ ಜನತೆ'ಯನ್ನು ಬೆಗಿನ್ 'ಪ್ಯಾಲೆಸ್ಟೀನಿ ಅರಬರು' ಎಂದು, 'ವೆಸ್ಟ್ ಬ್ಯಾಂಕ್'ಅನ್ನು ಇಸ್ರೇಲ್ ಸರ್ಕಾರ 'ಜುಡೇಯಾ ಮತ್ತು ಸಮಾರಿಯಾ' (ಬೈಬಲ್ಲಿನ ಹಳೆಯ ಹೆಸರುಗಳು) ಎಂದು ತಿಳಿದುಕೊಳ್ಳುತ್ತದೆ ಎಂಬುದು ತಮ್ಮ ಗಮನಕ್ಕೆ ಬಂದಿದೆ ಎಂದು ಅದರಲ್ಲಿದೆ. ಒಂದೇ ಕಾಗದ, ಎರಡು ನಿಘಂಟು. ಊರಿನ ಹೆಸರಿನ ಒಂದು ಅಕ್ಷರಕ್ಕೆ ಎಷ್ಟು ತೂಕ ಎಂದು ಬೆಳಗಾವಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಗಡಿ ವಿವಾದದ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಿ. ಇಲ್ಲಿ ಎರಡೂ ಕಡೆಯವರು ಒಂದೇ ದೇಶದ ಪ್ರಜೆಗಳು, ಮೇಲೆ ಸುಪ್ರೀಂ ಕೋರ್ಟ್ ಇದೆ. ಅಲ್ಲಿ ಒಬ್ಬರ ಸೇನೆಯ ಕೆಳಗೆ ಇನ್ನೊಬ್ಬರ ಬದುಕು.

ಉತ್ತರ 2 (ಬಾಗಲಕೋಟೆ)

1948ರ ಯುದ್ಧದಾಗ ಮನಿ ಕಳಕೊಂಡ ಪ್ಯಾಲೆಸ್ಟೀನಿ ನಿರಾಶ್ರಿತರ ಭಾಗದಾಗ 'ಪರಿಹಾರ' ಅನ್ನೂ ಶಬ್ದ ಬಂತಂದ್ರ ಅಲ್ಲೇ ನಿಂತು ನೋಡ್ರಿ. ನಮ್ಮ ಕಡೆ ಪರಿಹಾರ ಅಂದ್ರ ಮುಳುಗಡಿ ರೊಕ್ಕ, ಪುನರ್ವಸತಿ ಅಂದ್ರ ನವನಗರದಾಗಿನ ಜಾಗಾ. ಆಲಮಟ್ಟಿ ಹಿನ್ನೀರಿನ್ಯಾಗ ಹೋದ ಮನಿಗೆ ಯಾರೂ ಹೊಳ್ಳಿ ಹೋಗೂದಿಲ್ಲ, ಹಿಂಗಾಗಿ ಮೂರನೇ ಶಬ್ದ ನಮಗ ಬೇಕಾಗಿಲ್ಲ. ಅಲ್ಲಿ ಜಗಳ ಇರೂದು ಆ ಮೂರನೇ ಶಬ್ದದ ಮ್ಯಾಲೇ: ಮರಳೂದು.

11 ಡಿಸೆಂಬರ್ 1948ರ ವಿಶ್ವಸಂಸ್ಥೆ ಸಾಮಾನ್ಯ ಸಭೆ ನಿರ್ಣಯ 194, ಪ್ಯಾರಾ 11 ಓದ್ರಿ. ಮನಿಗೆ ಮರಳಿ ನೆರೆಹೊರೆಯವರ ಜೋಡಿ ಶಾಂತಿಯಿಂದ ಇರಾಕ ಬಯಸೋ ನಿರಾಶ್ರಿತರಿಗೆ ಸಾಧ್ಯ ಆದಷ್ಟು ಲಗೂನ ಅವಕಾಶ ಸಿಗಬೇಕು, ಮರಳಾಕ ಒಲ್ಲೆ ಅನ್ನೋರ ಆಸ್ತಿಗೆ ರೊಕ್ಕ ಸಿಗಬೇಕು ಅಂತದ. ಪ್ಯಾಲೆಸ್ಟೀನಿಯರು ಇದನ್ನ 'ಮರಳುವ ಹಕ್ಕು' ಅಂತಾರ. ಆ ಪ್ಯಾರಾದಾಗ 'ಹಕ್ಕು' ಅನ್ನೂ ಶಬ್ದ ಇಲ್ಲ, ಸಾಮಾನ್ಯ ಸಭೆ ಮಾತು ಬರೇ ಶಿಫಾರಸು ಅಂತ ಇಸ್ರೇಲ್ ಹೇಳ್ತದ. 2002ರಾಗ ಬೈರೂತಿನ ಅರಬ್ ಶಾಂತಿ ಪ್ರಸ್ತಾವ ಏನ್ ಮಾಡ್ತಂದ್ರ, 194ರ ಪ್ರಕಾರ 'ಒಪ್ಪಿಗೆಯಾಗಬೇಕಾದ' ನ್ಯಾಯದ ಇತ್ಯರ್ಥ ಅಂತ ಬರೀತು. 'ಒಪ್ಪಿಗೆ' ಬಂತಂದ್ರ ಇಸ್ರೇಲ್ ಹೂಂ ಅನ್ನಬೇಕು ಅಂತಾತು. ಕನ್ನಡದಾಗ ಇದನ್ನೆಲ್ಲ 'ನಿರಾಶ್ರಿತರಿಗೆ ನ್ಯಾಯಯುತ ಪರಿಹಾರ' ಅಂತ ಬರದ್ರ ಓದೋರು ಚೆಕ್ಕು ಅಂತ ತಿಳೀತಾರ.

ಟಿಪ್ಪಣಿಯೊಳಗ ರೊಕ್ಕಕ್ಕ 'ನಷ್ಟಭರ್ತಿ', ಜಗಳ ಬಗಿಹರಿಯೂದಕ್ಕ 'ಇತ್ಯರ್ಥ', ಮನಿಗೆ ಹೋಗೂದಕ್ಕ 'ಮರಳುವಿಕೆ' ಅಂತ ಬ್ಯಾರೆ ಬ್ಯಾರೆ ಇಡ್ರಿ. ಕ್ಲಿಂಟನ್ ಸೂತ್ರದಾಗ ನಿರಾಶ್ರಿತರಿಗೆ ಐದು ದಾರಿ ಅದಾವು: ಹೊಸ ಪ್ಯಾಲೆಸ್ಟೀನ್ ರಾಜ್ಯ, ವಿನಿಮಯದಾಗ ಇಸ್ರೇಲ್ ಬಿಟ್ಟುಕೊಡೋ ನೆಲ, ಈಗಿರೋ ದೇಶದಾಗ ಪುನರ್ವಸತಿ, ಮೂರನೇ ದೇಶ, ಕಡೀಕ ಇಸ್ರೇಲ್. ಐದಕ್ಕೂ 'ಪುನರ್ವಸತಿ' ಅಂದ್ರ ಸುಳ್ಳಾಗ್ತದ.

ಪ್ರಶ್ನೆ ಕೇಳಿದವರು (ವಿಜಯಪುರ)

'ದ್ವಿರಾಷ್ಟ್ರ ಪರಿಹಾರ' ಎಂದೇ ಶೀರ್ಷಿಕೆ ಹಾಕಿಯಾಗಿದೆ. ಹಾಗಾದರೆ ಅದನ್ನೂ ಬದಲಿಸಬೇಕೇ?

ಉತ್ತರ 1 (ಬೆಳಗಾವಿ)

ಬದಲಿಸಿ. 'ದ್ವಿರಾಷ್ಟ್ರ' ಎಂದರೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಜಿನ್ನಾ ಅವರ ದ್ವಿರಾಷ್ಟ್ರ ಸಿದ್ಧಾಂತ. ಅಲ್ಲಿ 'ರಾಷ್ಟ್ರ' ಎಂದರೆ ಜನಾಂಗ, ಇಲ್ಲಿ ಸಾರ್ವಭೌಮ ಆಡಳಿತ. 'ಎರಡು ರಾಜ್ಯ' ಎಂದರೆ ಕರ್ನಾಟಕ–ಮಹಾರಾಷ್ಟ್ರದಂತೆ ಕೇಳುತ್ತದೆ. ಸರಳವಾಗಿ 'ಎರಡು ದೇಶಗಳ ಸೂತ್ರ' ಎಂದುಬಿಡಿ. ಹಾಗೆಯೇ ವೆಸ್ಟ್ ಬ್ಯಾಂಕಿನಲ್ಲಿ ತಾನು ಕಟ್ಟಿದ ತಡೆಯನ್ನು ಇಸ್ರೇಲ್ 'ಬೇಲಿ' ಎಂದರೆ, ಅಂತರರಾಷ್ಟ್ರೀಯ ನ್ಯಾಯಾಲಯ 2004ರ ಅಭಿಪ್ರಾಯದಲ್ಲಿ 'ಗೋಡೆ' ಎಂದಿತು. ಉದ್ದದಲ್ಲಿ ಹೆಚ್ಚಿನದು ಬೇಲಿ, ಊರುಗಳ ಹತ್ತಿರ ಕಾಂಕ್ರೀಟ್. ಯಾವ ಜಾಗದ ಬಗ್ಗೆ ಮಾತು ಎಂದು ನೋಡಿ ಪದ ಆರಿಸಿ.

ಉತ್ತರ 3 (ಅಥಣಿ)

ಮೇಲಿನವರು ನಾಮಪದ ಹೇಳಿದರು, ನಾನು ಕ್ರಿಯಾಪದ ಸೇರಿಸುತ್ತೇನೆ. ಗಾಜಾ ಕುರಿತ 29 ಸೆಪ್ಟೆಂಬರ್ 2025ರ ಟ್ರಂಪ್ ಯೋಜನೆಯ 20 ಅಂಶಗಳಲ್ಲಿ 19ನೆಯದನ್ನು ಬಿಡಿಸಿ ನೋಡಿ. ಗಾಜಾ ಪುನರ್ನಿರ್ಮಾಣ ಮುಂದುವರಿದಂತೆ, ಪ್ಯಾಲೆಸ್ಟೀನಿ ಪ್ರಾಧಿಕಾರದ (ವೆಸ್ಟ್ ಬ್ಯಾಂಕಿನ ಭಾಗಗಳನ್ನು ನೋಡಿಕೊಳ್ಳುವ ಪ್ಯಾಲೆಸ್ಟೀನಿ ಆಡಳಿತದ) ಸುಧಾರಣೆ ನಿಷ್ಠೆಯಿಂದ ಜಾರಿಯಾದಾಗ, ಸ್ವಂತ ದೇಶದತ್ತ ನಂಬಲರ್ಹ ದಾರಿಗೆ ಬೇಕಾದ ಪರಿಸ್ಥಿತಿ ಕೊನೆಗೂ ಒದಗ'ಬಹುದು'. ಸುಧಾರಣೆ ನಿಷ್ಠೆಯಿಂದ ಆಯಿತೆಂದು ಯಾರು ಹೇಳುತ್ತಾರೆ ಎಂದಿಲ್ಲ. ತಾರೀಖಿಲ್ಲ. ಸಿಗಬಹುದಾದದ್ದು ದೇಶವಲ್ಲ, ದಾರಿಯೂ ಅಲ್ಲ, ದಾರಿಗೆ ಬೇಕಾದ ಪರಿಸ್ಥಿತಿ. ಇದನ್ನು 'ಪ್ಯಾಲೆಸ್ಟೀನ್ ದೇಶಕ್ಕೆ ಟ್ರಂಪ್ ಅಸ್ತು' ಎಂದು ಶೀರ್ಷಿಕೆ ಮಾಡಿದರೆ ಓದುಗರಿಗೆ ಅನ್ಯಾಯ.

ಎರಡನೆಯದು, ಯಾರ ಮುಂದೆ ಆಡಿದ ಮಾತು ಎಂಬುದು. ಇಸ್ರೇಲ್ ಮತ್ತು ಪಿಎಲ್‌ಒ ನಡುವಿನ 1993ರ ಓಸ್ಲೊ ಒಪ್ಪಂದಕ್ಕೆ ಸಹಿಯಾದ ಮರುವರ್ಷ, ಮೇ 1994ರಲ್ಲಿ, ಜೋಹಾನ್ಸ್‌ಬರ್ಗ್‌ನ ಮಸೀದಿಯಲ್ಲಿ ಪಿಎಲ್‌ಒ ನಾಯಕ ಅರಾಫತ್ ಜೆರುಸಲೇಂಗಾಗಿ ಜಿಹಾದ್ ಎಂದರು, ಒಪ್ಪಂದವನ್ನು ಪ್ರವಾದಿಯವರ ಹುದೈಬಿಯಾ ಒಪ್ಪಂದಕ್ಕೆ (ಮೆಕ್ಕಾದವರ ಜೊತೆಗಿನ, ಸುಮಾರು ಎರಡು ವರ್ಷಕ್ಕೆ ಮುರಿದುಬಿದ್ದ ಕದನವಿರಾಮಕ್ಕೆ) ಹೋಲಿಸಿದರು. ಧ್ವನಿಮುದ್ರಣ ಹೊರಬಿದ್ದಾಗ ಅದು ಶಾಂತಿಯುತ ಹೋರಾಟ ಎಂದು ವಿವರಿಸಿದರು. ಇಸ್ರೇಲ್ ಪ್ರಧಾನಿ ರಬಿನ್ 5 ಅಕ್ಟೋಬರ್ 1995ರಂದು ತಮ್ಮ ಸಂಸತ್ತಿಗೆ, ಪ್ಯಾಲೆಸ್ಟೀನಿಯರಿಗೆ ಸಿಗುವುದು 'ದೇಶಕ್ಕಿಂತ ಕಡಿಮೆಯಾದ' ಘಟಕ ಎಂದರು. ಮುಂದಿನ ತಿಂಗಳು 4ರಂದು ಅವರ ಹತ್ಯೆಯಾಯಿತು. ಇಬ್ಬರೂ ತಮ್ಮ ಮನೆಯವರನ್ನು ಒಲಿಸಲು ಆಡಿದ ಮಾತುಗಳನ್ನು ಎದುರು ಮನೆಯವರು ಸಾಕ್ಷಿಯಾಗಿ ಎತ್ತಿಟ್ಟುಕೊಂಡರು. ನನ್ನ ಮಟ್ಟಿಗೆ ಓಸ್ಲೊ ಸೊರಗಲು ಇಸ್ರೇಲಿ ವಸಾಹತುಗಳು ಮತ್ತು ಪ್ಯಾಲೆಸ್ಟೀನಿ ಬಾಂಬು ದಾಳಿಗಳಷ್ಟೇ ಇದೂ ಕಾರಣ. ಟಿಪ್ಪಣಿಯಲ್ಲಿ ಪ್ರತಿ ಉಲ್ಲೇಖದ ಪಕ್ಕದಲ್ಲಿ ತಾರೀಖು, ಸ್ಥಳ, ಭಾಷೆ, ಕೇಳುಗರು ಯಾರು ಎಂದು ನಾಲ್ಕು ಕಾಲಂ ಹಾಕಿ.

ಬಿಟ್ಟ ಪದಗಳನ್ನೂ ಗಮನಿಸಿ. ದೆಹಲಿಯ ಹಳೆಯ ಹೇಳಿಕೆಗಳಲ್ಲಿ 'ಪೂರ್ವ ಜೆರುಸಲೇಂ ರಾಜಧಾನಿಯಾಗಿ' ಎಂಬುದು ಬರುತ್ತಿತ್ತು. ಮೇ 2017ರಲ್ಲಿ ಪ್ಯಾಲೆಸ್ಟೀನಿ ಅಧ್ಯಕ್ಷ ಅಬ್ಬಾಸ್ ಬಂದಾಗ ಪ್ರಧಾನಿ ಮೋದಿಯವರ ಹೇಳಿಕೆಯಲ್ಲಿ ಸಾರ್ವಭೌಮ ಪ್ಯಾಲೆಸ್ಟೀನ್ ಇತ್ತು, ಆ ಮಾತು ಇರಲಿಲ್ಲ. ಹಳೆಯದನ್ನು ಪಕ್ಕಕ್ಕಿಡದೆ ಹೊಸದನ್ನು ಓದಿದರೆ ಇದು ಕಣ್ಣಿಗೇ ಬೀಳುವುದಿಲ್ಲ.

ಪ್ರಶ್ನೆ ಕೇಳಿದವರು (ವಿಜಯಪುರ)

ನಾಲ್ಕು ಕಾಲಂ ಹಾಕುತ್ತೇವೆ, ಶೀರ್ಷಿಕೆಯೂ ಬದಲಾಯಿತು. ಟಿಪ್ಪಣಿಯಲ್ಲಿ '1993ರಲ್ಲಿ ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ಪರಸ್ಪರ ಮಾನ್ಯತೆ ನೀಡಿದವು' ಎಂಬ ಸಾಲಿದೆ. ಅದು ಸರಿಯೇ?

ಉತ್ತರ 3 (ಅಥಣಿ)

ತಿದ್ದಬೇಕು. 9 ಸೆಪ್ಟೆಂಬರ್ 1993ರ ಪತ್ರಗಳಲ್ಲಿ ಅರಾಫತ್ ಒಪ್ಪಿದ್ದು ಇಸ್ರೇಲ್ ದೇಶಕ್ಕೆ ಶಾಂತಿ ಮತ್ತು ಭದ್ರತೆಯಲ್ಲಿ ಬಾಳುವ ಹಕ್ಕಿದೆ ಎಂಬುದನ್ನು. ರಬಿನ್ ಒಪ್ಪಿದ್ದು ಪಿಎಲ್‌ಒ ಪ್ಯಾಲೆಸ್ಟೀನಿ ಜನರ ಪ್ರತಿನಿಧಿ ಎಂಬುದನ್ನು. ನಾಲ್ಕು ದಿನ ಬಿಟ್ಟು ಶ್ವೇತಭವನದಲ್ಲಿ ಸಹಿಯಾದ ಓಸ್ಲೊ ಘೋಷಣೆಯಲ್ಲೂ ಪ್ಯಾಲೆಸ್ಟೀನ್ ದೇಶದ ಮಾತಿಲ್ಲ. 'ಇಸ್ರೇಲ್ ಮತ್ತು ಪಿಎಲ್‌ಒ' ಎಂದು ಬರೆದು, ಯಾರು ಯಾವುದನ್ನು ಒಪ್ಪಿದರು ಎಂಬುದನ್ನು ಎರಡು ಬೇರೆ ವಾಕ್ಯಗಳಲ್ಲಿ ಕೊಡಿ.