ವಿಷಯ: ‘ಗಿಲ್ಡ್’ನ ಅಂತಸ್ತುಗಳಿಗೆ ನಮ್ಮ ಕಡೆಯ ಪದ – ‘ಆಫೀಸರ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಪ್ರಶ್ನೆ ಹುಡುಗರ ಆಟದ್ದು, ಆದರೆ ಉತ್ತರ ಹುಡುಕುತ್ತ ಶಾಸನಗಳವರೆಗೂ ಹೋಗಬೇಕಾಯಿತು. ಗಂಗಾವತಿಯಲ್ಲಿ ನಮ್ಮ ಅಕ್ಕನ ಮಗ, ಅವನ ಗೆಳೆಯ ಗೆಳತಿಯರು ಕಂಪ್ಯೂಟರಿನಲ್ಲಿ ಮಾಯಾಲೋಕದ ಆಟವೊಂದನ್ನು ಗುಂಪು ಕಟ್ಟಿಕೊಂಡು ಆಡುತ್ತಾರೆ. ಆ ಗುಂಪಿಗೆ ಗಿಲ್ಡ್ ಎಂದು ಹೆಸರು. ಗಿಲ್ಡಿನೊಳಗಿನ ಸ್ಥಾನಗಳಿಗೆ ಅದರ ಯಜಮಾನ ತನಗೆ ಬೇಕಾದ ಹೆಸರಿಡಬಹುದು. ‘ಕನ್ನಡದಾಗ ಇಡೋಣು, ನೀ ಹುಡುಕಿ ಕೊಡು ಮಾಮಾ’ ಎಂದು ನನ್ನ ಕೊರಳಿಗೆ ಕಟ್ಟಿದ್ದಾರೆ. ಮುಕ್ಕಾಲು ಕೆಲಸ ಮುಗಿದಿದೆ. ಉಳಿದದ್ದಕ್ಕೆ ನಿಮ್ಮ ನೆರವು ಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟದಲ್ಲಿ ಹೊಸ ಗಿಲ್ಡ್ ಕಟ್ಟಿದರೆ ಐದು ಅಂತಸ್ತು ತಾವಾಗಿಯೇ ಸಿಗುತ್ತವೆ: ಗಿಲ್ಡ್ ಮಾಸ್ಟರ್, ಆಫೀಸರ್, ವೆಟರನ್, ಮೆಂಬರ್, ಇನಿಷಿಯೇಟ್. ಯಾರನ್ನು ಸೇರಿಸಿಕೊಳ್ಳಬಹುದು, ಯಾರನ್ನು ಹೊರಹಾಕಬಹುದು, ಗುಂಪಿನ ಭಂಡಾರದಿಂದ ಎಷ್ಟು ತೆಗೆಯಬಹುದು ಎಂಬ ಹಕ್ಕುಗಳೆಲ್ಲ ಈ ಅಂತಸ್ತಿಗೆ ಅಂಟಿಕೊಂಡಿರುತ್ತವೆ. ಕಾಳಗದಲ್ಲಿ ಮಾಡುವ ಕೆಲಸದ ಲೆಕ್ಕ ಬೇರೆ. ಏಟು ತಿನ್ನುತ್ತ ಮುಂದೆ ನಿಲ್ಲುವವನು ಟ್ಯಾಂಕ್, ಗಾಯ ವಾಸಿ ಮಾಡುವವನು ಹೀಲರ್, ಉಳಿದವರು ಹೊಡೆಯುವವರು. ನಿನ್ನೆ ಸೇರಿದ ಹೊಸಬನೂ ಹೀಲರ್ ಆಗಬಹುದು, ಯಜಮಾನನೂ ಆಗಬಹುದು. ಹಾಗಾಗಿ ಪದ ಕಟ್ಟುವಾಗ ಇವೆರಡನ್ನೂ ಒಂದೇ ಗೋಣಿಗೆ ತುಂಬಬಾರದು ಎಂಬುದು ನನ್ನ ಮೊದಲ ಪಟ್ಟು.

ಮೊದಲು ‘ಗಿಲ್ಡ್’ ಪದವನ್ನೇ ನೋಡೋಣ. ಇತಿಹಾಸದ ಪುಸ್ತಕಗಳಲ್ಲಿ ವೃತ್ತಿಸಂಘಕ್ಕೆ ಬಳಸುವ ಹಳೆಯ ಸಂಸ್ಕೃತ ಪದ ‘ಶ್ರೇಣಿ’. ಆದರೆ ಇಂದಿನ ಕನ್ನಡದಲ್ಲಿ ಶ್ರೇಣಿ ಎಂದರೆ ದರ್ಜೆ, ವೇತನಶ್ರೇಣಿ, ಪರ್ವತಶ್ರೇಣಿ. ಗಿಲ್ಡಿನ ರ‍್ಯಾಂಕು ಎನ್ನಲು ‘ಶ್ರೇಣಿಯ ಶ್ರೇಣಿ’ ಎನ್ನಬೇಕಾಗುತ್ತದೆ. ಹುಡುಗರು ಬಿದ್ದು ಬಿದ್ದು ನಕ್ಕರು. ‘ಸಂಘ’ ಎಂದರೆ ತಿಂಗಳ ಕಂತು ಕಟ್ಟುವ ಸಂಘ ನೆನಪಾಗುತ್ತದಂತೆ. ಕೊನೆಗೆ ‘ಮೇಳ’ ಉಳಿಯಿತು. ಬಯಲಾಟ ಕಂಡ ಸೀಮೆಗೆ ಅದು ಹೊಂದುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಎಂಬ ಭಾವವೂ ಅದರೊಳಗೇ ಇದೆ. ಈ ಬಗ್ಗೆ ನನಗೆ ತಕರಾರಿಲ್ಲ.

ಅಂತಸ್ತಿನ ಹೆಸರಿಗೆ ನಾನು ಮೊದಲು ಕೈಹಾಕಿದ್ದು ಅಯ್ಯಾವೊಳೆ ಐನೂರ್ವರು ಎಂಬ ಹಳೆಯ ವರ್ತಕಸಂಘದ ಶಾಸನಗಳಿಗೆ. ಕನ್ನಡ ನಾಡಿನಲ್ಲಿ ಗಿಲ್ಡ್ ಎನ್ನಬಹುದಾದ್ದು ಅದಕ್ಕಿಂತ ದೊಡ್ಡದು ಯಾವುದಿದೆ? ಸರಕಿನ ಜೊತೆ ಆಯುಧವನ್ನೂ ಹಿಡಿದು ದೇಶ ಸುತ್ತಿದವರು, ‘ವೀರಬಣಂಜು ಧರ್ಮ’ವನ್ನು ಪಾಲಿಸುವವರೆಂದು ಕರೆದುಕೊಂಡವರು. ಅವರ ಶಾಸನಗಳಲ್ಲಿ ಸೆಟ್ಟಿ, ಸೆಟ್ಟಿಗುತ್ತ, ಗವರೆ, ಗಾತ್ರಿಗ, ಮುಮ್ಮುರಿದಂಡ, ವಡ್ಡವ್ಯವಹಾರಿ ಎಂದು ಹೆಸರುಗಳ ಸಾಲೇ ಇದೆ. ಓದುತ್ತಿದ್ದರೆ ಮಾಯಾಲೋಕದ ಆಟಕ್ಕೇ ಹುಟ್ಟಿದಂತಿವೆ. ತೊಂದರೆ ಬಂದದ್ದು ಇಲ್ಲೇ. ‘ಸೆಟ್ಟಿ’ ಈಗ ಅಂತಸ್ತಲ್ಲ, ಜನರ ಹೆಸರಿನ ಬಾಲ. ‘ವಡ್ಡವ್ಯವಹಾರಿ’ಯ ‘ವಡ್ಡ’ ದೊಡ್ಡದು ಎಂಬರ್ಥದ ಪ್ರಾಕೃತ ಪದ, ಹಿರಿಯ ವರ್ತಕ ಎಂದಷ್ಟೇ ಅದರ ಅರ್ಥ. ಇಂದಿನ ಕಿವಿಗೆ ಅದು ಜಾತಿಯ ಹೆಸರಾಗಿಯೇ ಬೀಳುತ್ತದೆ. ‘ನಾಯಕ’ ಎನ್ನೋಣವೆಂದರೆ ರಾಯಚೂರು, ಬಳ್ಳಾರಿ ಕಡೆ ಅದು ಒಂದು ದೊಡ್ಡ ಸಮುದಾಯದ ಹೆಸರು. ಗುಂಪಿನಲ್ಲಿ ಆ ಹೆಸರಿನ ಹುಡುಗರು ಇಬ್ಬರಿದ್ದಾರೆ, ಇಬ್ಬರೂ ಯಜಮಾನರಲ್ಲ. ‘ತಳವಾರ’ನದೂ ಅದೇ ಕತೆ. ಕಾವಲುಗಾರನ ಅಂತಸ್ತಿಗೆ ಅದಕ್ಕಿಂತ ಚಂದದ ಪದ ಇಲ್ಲ, ಆದರೆ ಅದು ಯಾರದೋ ಮನೆತನದ ಹೆಸರು. ಆಟದಲ್ಲಿ ಅಂತಸ್ತು ಏರುತ್ತದೆ, ಇಳಿಯುತ್ತದೆ. ‘ನಿನ್ನ ತಳವಾರಕಿ ತೆಗೆದೀನಿ’ ಎಂದು ಒಬ್ಬ ಇನ್ನೊಬ್ಬನಿಗೆ ತಮಾಷೆಗೆ ಅಂದರೂ ನಮ್ಮೂರಲ್ಲಿ ಅದು ತಮಾಷೆಯಾಗಿ ಉಳಿಯುವುದಿಲ್ಲ.

ಆದ್ದರಿಂದ ನನ್ನ ಶೋಧ ಒಂದೇ ಕಡೆಗೆ ತಿರುಗಿತು: ಅಂತಸ್ತನ್ನು ಸೂಚಿಸಬೇಕು, ಜನರ ಬಾಯಲ್ಲಿರಬೇಕು, ಆದರೆ ಜಾತಿಯಾಗಿ ಗಟ್ಟಿಯಾಗಿರಬಾರದು.

ಮೇಲಿನದಕ್ಕೂ ಕೆಳಗಿನದಕ್ಕೂ ಸುಲಭವಾಗಿ ಸಿಕ್ಕವು. ಗಿಲ್ಡ್ ಮಾಸ್ಟರಿಗೆ ‘ಉಸ್ತಾದ’. ಗರಡಿಮನೆಯಲ್ಲಿ ‘ವಸ್ತಾದ’ ಎನ್ನುವುದೂ ಇದೇ ಪದ. ‘ಮೇಸ್ತ್ರಿ’ಗೆ ಒಂದು ವಾದ ಮಂಡಿಸಬಹುದಿತ್ತು. ಅದು ಪೋರ್ಚುಗೀಸರ ‘ಮೆಸ್ತ್ರೆ’ಯಿಂದ ಬಂದದ್ದು, ಇಂಗ್ಲಿಷಿನ ‘ಮಾಸ್ಟರ್’ ಕೂಡ ಅದೇ ಲ್ಯಾಟಿನ್ ಬೇರಿನದು. ಅಂದರೆ ಗಿಲ್ಡ್ ಮಾಸ್ಟರ್ ಎಂದರೆ ಅಕ್ಷರಶಃ ಮೇಳದ ಮೇಸ್ತ್ರಿ. ಹುಡುಗರು ಒಪ್ಪಲಿಲ್ಲ, ‘ಗಾರೆ ಕೆಲಸಕ್ಕ ಕರದಂಗ ಆಕ್ಕೈತಿ’ ಅಂದರು. ವೆಟರನ್‌ಗೆ ‘ಹಿರೀಕ’. ಹಳೆಯ ಯುರೋಪಿನ ಗಿಲ್ಡುಗಳಲ್ಲಿ ಕಲಿಯುವ ಹುಡುಗನಿಗೂ ಉಸ್ತಾದನಿಗೂ ನಡುವೆ ‘ಜರ್ನಿಮನ್’ ಎಂಬವನಿದ್ದ. ಅವನ ಹೆಸರು ಪ್ರಯಾಣದಿಂದ ಬಂದದ್ದಲ್ಲ. ಫ್ರೆಂಚಿನ ‘ಜುರ್ನೆ’ ಎಂದರೆ ಒಂದು ದಿನ, ದಿನದ ಲೆಕ್ಕದಲ್ಲಿ ಕೂಲಿ ಪಡೆವ ಕೆಲಸಗಾರ ಅವನು. ನೇರ ಕನ್ನಡ ‘ದಿನಗೂಲಿ’. ರಾತ್ರಿ ಕೂತು ರಾಕ್ಷಸರನ್ನು ಕೊಂದವನನ್ನು ದಿನಗೂಲಿ ಎಂದರೆ ಆಟ ಬಿಟ್ಟು ಎದ್ದು ಹೋದಾನು. ಸಾಮಾನ್ಯ ಮೆಂಬರಿಗೆ ‘ಕಸಬುದಾರ’ ಎಂದು ಇಟ್ಟಿದ್ದೇನೆ.

ಇನಿಷಿಯೇಟ್‌ಗೆ ‘ಉಮೇದುವಾರ’. ಇಷ್ಟು ಪದಗಳಲ್ಲಿ ನನಗೆ ಅತಿ ಮೆಚ್ಚಾದದ್ದು ಇದೇ. ಈಗ ಚುನಾವಣೆಯ ಅಭ್ಯರ್ಥಿ ಎಂಬರ್ಥದಲ್ಲಷ್ಟೇ ಉಳಿದಿದೆ. ಹಿಂದೆ ಕಚೇರಿಗಳಲ್ಲಿ ಮುಂದೆ ನೌಕರಿ ಸಿಕ್ಕೀತೆಂದು ಸಂಬಳವಿಲ್ಲದೆ ಬರೆಯಲು ಕೂರುತ್ತಿದ್ದ ಹುಡುಗನೂ ಉಮೇದುವಾರನೇ. ಗಿಲ್ಡಿಗೆ ಹೊಸದಾಗಿ ಬಂದವನ ಪಾಡು ಬೇರೇನಲ್ಲ: ಎಲ್ಲರ ಜೊತೆ ಕಾಳಗಕ್ಕೆ ಬರಬೇಕು, ಭಂಡಾರಕ್ಕೆ ಕೈಹಾಕುವಂತಿಲ್ಲ. ‘ಉಮೇದು’ ಎಂಬ ಹುರುಪಿನ ಪದವೂ ಒಳಗೇ ಕೂತಿದೆ.

ಕಗ್ಗಂಟಾಗಿರುವುದು ‘ಆಫೀಸರ್’. ‘ಅಧಿಕಾರಿ’ ಎಂದರೆ ತಾಲ್ಲೂಕು ಕಚೇರಿಯ ವಾಸನೆ. ತುಂಗಭದ್ರಾ ಹೊಳೆಯ ಆಚೆ ಈಚೆ ಹಳ್ಳಿಯ ಅಧಿಕಾರದ ಪದಗಳೇ ಬೇರೆ ಬೇರೆ ಎಂಬುದನ್ನು ಇಲ್ಲಿ ನೆನೆಯಬೇಕು. ಬಳ್ಳಾರಿ 1953ರವರೆಗೆ ಮದ್ರಾಸಿನ ಕೆಳಗಿತ್ತು, ಅಲ್ಲಿ ರೆಡ್ಡಿ, ಕರಣಂ. ರಾಯಚೂರು, ಕೊಪ್ಪಳ ನಿಜಾಮರ ಕೆಳಗಿದ್ದವು, ಇಲ್ಲಿ ಒಂದೇ ಊರಿಗೆ ಇಬ್ಬರು ಪಾಟೀಲರು. ಕಂದಾಯ ನೋಡುವವನು ಮಾಲಿಪಾಟೀಲ, ಊರ ಶಿಸ್ತು ನೋಡುವವನು ಪೊಲೀಸ್‌ಪಾಟೀಲ. (ಮಾಲಿಪಾಟೀಲ ಎಂದರೆ ತೋಟದ ಮಾಲಿ ಎಂದುಕೊಂಡವರಿದ್ದಾರೆ. ಅದು ‘ಮಾಲು’, ಅಂದರೆ ಕಂದಾಯ.) ಗಿಲ್ಡಿನಲ್ಲೂ ಹೀಗೇ ಎರಡು ಬಗೆಯ ಆಫೀಸರುಗಳು: ಒಬ್ಬ ಭಂಡಾರದ ಲೆಕ್ಕ ನೋಡುತ್ತಾನೆ, ಇನ್ನೊಬ್ಬ ಜಗಳ ಬಿಡಿಸಿ, ಬೈಗುಳ ಬೈದವನನ್ನು ಹೊರಗಟ್ಟುತ್ತಾನೆ. ಹೊಂದಾಣಿಕೆ ಇಷ್ಟು ಚೊಕ್ಕ ಇನ್ನೆಲ್ಲೂ ಸಿಗಲಿಲ್ಲ. ಆದರೆ ಇವೂ ಅಡ್ಡಹೆಸರುಗಳಾಗಿ ಹೋಗಿವೆ, ಮತ್ತೆ ಅದೇ ಗೋಡೆ.

‘ದೈವದವರು’ ಎಂಬುದು ನನ್ನ ಇನ್ನೊಂದು ಆಸೆ. ನಮ್ಮ ಕಡೆ ಹಳ್ಳಿಯ ಹಿರಿಯರ ಸಭೆಗೆ ‘ದೈವ’ ಎನ್ನುವುದುಂಟು: ದೈವ ಕೂಡಿತು, ದೈವದವರು ಹೇಳಿದಂತೆ ಆಯಿತು. ಒಬ್ಬೊಬ್ಬ ಆಫೀಸರನ ಬದಲು ಆಫೀಸರರ ಕೂಟಕ್ಕೇ ಇದನ್ನಿಟ್ಟರೆ ಹೇಗೆ? ಆಟದಲ್ಲಿ ನಿಜವಾದ ದೇವತೆಗಳೂ ಓಡಾಡಿಕೊಂಡಿರುವುದರಿಂದ ಗೊಂದಲ ಖಂಡಿತ. ಮಂಗಳೂರಿನ ಕಡೆಯವರೊಬ್ಬರು ಗುಂಪಿಗೆ ಸೇರಿದರಂತೂ ‘ದೈವ ಕೂಡಿತು’ ಎಂದಾಗ ಕೈಮುಗಿದು ನಿಂತಾರು.

ಉಳಿದದ್ದು ಲಂಬಾಣಿ ತಾಂಡಾ. ಅಲ್ಲಿ ನಾಯಕ, ಡಾವೊ, ಕಾರಭಾರಿ ಎಂಬ ಮೂರು ಸ್ಥಾನ ಇಂದಿಗೂ ಬದುಕಿವೆ. ಮುಖ್ಯಸ್ಥ, ಸಲಹೆಗಾರ, ಹೇಳಿದ್ದನ್ನು ನಡೆಸಿಕೊಡುವವನು. ‘ಕಾರಭಾರಿ’ ಎಲ್ಲರ ಕನ್ನಡದಲ್ಲೂ ಇದೆ. ‘ಎಲ್ಲಾ ಅವಂದೇ ಕಾರಭಾರ’ ಎಂಬ ಮಾತಿನಲ್ಲಿ ಆಫೀಸರ್ ಆದವನ ಮೇಲೆ ಉಳಿದವರಿಗೆ ಇರುವ ಸಣ್ಣ ಅಸಮಾಧಾನವೂ ಸೇರಿದೆ, ಅದು ಇರಬೇಕಾದ್ದೇ. ಅಡ್ಡಹೆಸರಾಗಿ ಅಲ್ಲಲ್ಲಿ ಕೇಳಿದ್ದೇನಾದರೂ ಪಾಟೀಲ, ನಾಯಕರಷ್ಟು ಅಲ್ಲ. ಸದ್ಯಕ್ಕೆ ನನ್ನ ಮತ ಇದಕ್ಕೆ.

ಕಾಳಗದ ಕೆಲಸಗಳ ಹೆಸರಿನ ಬಗ್ಗೆ ಹೆಚ್ಚು ಕೊಸರಾಡುವುದು ವ್ಯರ್ಥ. ಒಂದು ರಾತ್ರಿ ಹುಡುಗರ ಪಕ್ಕದಲ್ಲಿ ಕೂತು ಕೇಳಿದೆ. ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೂಗುವುದು ಇಷ್ಟೇ: ‘ಟ್ಯಾಂಕ್ ಎಲ್ಲದಾನಲೇ?’, ‘ಹೀಲ್ ಹಾಕಲೇ, ಸಾಯಾಕತ್ತೀನಿ!’, ‘ಹಿಂದ ಸರಿ, ಹಿಂದ ಸರಿ!’. ಡ್ರ್ಯಾಗನ್ ಬೆಂಕಿ ಉಗುಳುತ್ತಿರುವಾಗ ‘ಗಾಯಶಮನಕಾರ’ ಎಂದು ಯಾರೂ ಕೂಗುವುದಿಲ್ಲ. ‘ಮದ್ದುಗಾರ’ ಎಂದು ನಾನೊಂದು ಸೂಚಿಸಿದ್ದೆ. ಮದ್ದು ಎಂದರೆ ಔಷಧವೂ ಹೌದು, ಸಿಡಿಮದ್ದೂ ಹೌದು. ಜೀವ ಉಳಿಸುವವನೋ ಬಾಂಬ್ ಎಸೆಯುವವನೋ ತಿಳಿಯದೆಂದು ತಳ್ಳಿಹಾಕಿದರು. ಟ್ಯಾಂಕ್, ಹೀಲರ್ ಹಾಗೇ ಇರಲಿ. ಪಡೆ ಕರೆದೊಯ್ಯುವವನಿಗೆ ಮಾತ್ರ ‘ದಣ್ಣಾಯಕ’ ಒಪ್ಪಿದ್ದಾರೆ. ದಂಡನಾಯಕನ ಈ ಸವೆದ ರೂಪ ಹೊಸಪೇಟೆ ಹತ್ತಿರದ ಡಣಾಯಕನಕೆರೆಯಲ್ಲಿ ಊರ ಹೆಸರಾಗಿ ಉಳಿದಿದೆ, ಹುಡುಗರು ಬಸ್ಸಿನ ಬೋರ್ಡಿನಲ್ಲಿ ಓದಿದ್ದೇ.

ಇನ್ನೊಂದು ತೊಡಕು ಅಕ್ಕನ ಮಗಳಿಂದ ಬಂತು. ಗುಂಪಿನ ಒಳ್ಳೆಯ ಹೀಲರ್ ಅವಳೇ. ‘ನಾ ಉಸ್ತಾದ ಆದ್ರ ಏನ್ ಬರೀತಿ ಮಾಮಾ?’ ಎಂದು ಕೇಳಿದಳು. ಗಮನಿಸಿದರೆ ಕಾರಭಾರಿ, ಭಂಡಾರಿ, ಉಗ್ರಾಣಿ, ಮೇಸ್ತ್ರಿಗಳಂಥ ಇಕಾರಾಂತ ಪದಗಳು ಗಂಡಿಗೂ ಹೆಣ್ಣಿಗೂ ಸಲ್ಲುತ್ತವೆ. ಉಸ್ತಾದ, ಉಮೇದುವಾರ, ಕಸಬುದಾರ, ದಣ್ಣಾಯಕ ಸಲ್ಲುವುದಿಲ್ಲ. ಆಟದ ತೆರೆಯಲ್ಲಿ ಒಂದು ಅಂತಸ್ತಿಗೆ ಒಂದೇ ಹೆಸರಿಡಲು ಜಾಗ, ಗಂಡು ಹೆಣ್ಣು ಎಂದು ಎರಡು ಇಡಲಾಗದು. ‘ಉಸ್ತಾದ್’ ಎಂದು ವ್ಯಂಜನಕ್ಕೇ ನಿಲ್ಲಿಸಿದರೆ ಇಬ್ಬರಿಗೂ ಸಂದೀತು ಎನಿಸುತ್ತದೆ, ಆದರೆ ‘ಕಸಬುದಾರ್’ ಎಂದು ಕನ್ನಡದಲ್ಲಿ ಬರೆಯಲು ನನ್ನ ಕೈ ಬರುತ್ತಿಲ್ಲ.

ಹಾಗಾಗಿ ಕೇಳುವುದು ಮೂರು. ಆಫೀಸರ್‌ಗೆ ‘ಕಾರಭಾರಿ’ಯನ್ನು ನಿಮ್ಮ ಕಿವಿ ಒಪ್ಪುತ್ತದೆಯೇ, ಅದಕ್ಕಿಂತ ಮೇಲಾದ್ದು ನಿಮ್ಮ ಊರಿನ ಬಾಯಲ್ಲಿದೆಯೇ? ‘ಉಮೇದುವಾರ’ ಹೆಣ್ಣಾದರೆ ನಿಮ್ಮ ಹಿರಿಯರು ಏನೆನ್ನುತ್ತಿದ್ದರು? ಸಿಂಧನೂರು, ಮಾನ್ವಿ, ಲಿಂಗಸುಗೂರು ಕಡೆಯ ಮಾರುಕಟ್ಟೆಯಲ್ಲಿ ಹಮಾಲರ ಗುಂಪಿನ ಮುಂದಾಳಿಗೆ ಈಗ ಬಳಸುವ ಪದ ಯಾವುದು? ಕೊನೆಯದನ್ನು ಅಲ್ಲಿ ಅಡತಿ ಅಂಗಡಿ ಇಟ್ಟವರು ಯಾರಾದರೂ ತಿಳಿಸಿದರೆ, ಇಡೀ ಪಟ್ಟಿಯನ್ನು ಮತ್ತೊಮ್ಮೆ ಹರಡಿಕೊಂಡು ಕೂರಲು ನಾನು ತಯಾರಿದ್ದೇನೆ.